ಬೇಲಿಯಾಚೆಯ ಹೆಪ್ಪು

ನಾವು ಮೆಲ್ಬರ್ನ್‌ನ ಓಕ್ಲಿಯಲ್ಲಿ ಬಾಡಿಗೆ ಮನೆ ಹಿಡಿದದ್ದು 2009ರ ಜೂನ್‌ನಲ್ಲಿ. ಇಲ್ಲಿ ಜೂನ್ ಅಂದರೆ ಕೊರೆಯುವ ಚಳಿ. ಬಂದ ಹೊಸತರಲ್ಲಿ ನನ್ನನ್ನು ತುಂಬ ಕಾಡಿದ್ದು ಮೊಸರು. ಅಂಗಡಿಯ ಡಬ್ಬಿ ಮೊಸರಿನಿಂದ ಹೆಪ್ಪು ಹಾಕಿದರೆ ಒಂದು ದಿನ ಲೋಳೆ ಲೋಳೆ, ಮಾರನೇ ದಿನ ಹಾಲು ಹಾಲಾಗಿಯೇ ಇರುತ್ತಿತ್ತು. ಮಗನಿಗೆ ಆಗ ಎರಡು ವರ್ಷ. ಮೊಸರನ್ನ ಬಿಟ್ಟರೆ ಬೇರೆ ಯಾವುದಕ್ಕೂ ಬಾಯಿ ತೆರೆಯುತ್ತಿರಲಿಲ್ಲ.

ಒಂದು ಸಂಜೆ ಕೆಟ್ಟ ಮೊಸರನ್ನು ಹಿತ್ತಲಿನ ಗಿಡದ ಬುಡಕ್ಕೆ ಸುರಿಯುತ್ತಿದ್ದೆ. ಮರದ ಬೇಲಿಯ ಆಚೆಯಿಂದ ಒಬ್ಬ ಅಜ್ಜಿ ನೋಡುತ್ತಾ ನಿಂತಿದ್ದರು. ಕಪ್ಪು ಲಂಗ, ಕಪ್ಪು ಸ್ವೆಟರ್, ತಲೆಗೆ ಕಪ್ಪು ಬಟ್ಟೆ. ನನ್ನ ಪಾತ್ರೆಯನ್ನೂ ಗಿಡದ ಬುಡವನ್ನೂ ನೋಡಿದರು. ಏನೂ ಕೇಳಲಿಲ್ಲ. ಒಮ್ಮೆ ತಲೆ ಎತ್ತಿ ಆಕಾಶ ನೋಡಿ, ಬೇಗ ಬೇಗ ಒಳಗೆ ಹೋಗಿ ಒಂದು ಪುಟ್ಟ ಬಟ್ಟಲು ತಂದು ಬೇಲಿಯ ಮೇಲಿಂದ ಚಾಚಿದರು. ಬಟ್ಟಲಲ್ಲಿ ಮೊಸರು. ಅವರಿಗೆ ಬರುತ್ತಿದ್ದ ಹರುಕು ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಈಗಲೇ ತಗೋ. ಸೂರ್ಯ ಹೋದರೆ ಕೊಡೋ ಹಾಗಿಲ್ಲ."

ನಾನು ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ತಿಪಟೂರಿನ ನಮ್ಮಜ್ಜಿ ಹೇಳುತ್ತಿದ್ದದ್ದೂ ಇದೇ ಅಲ್ವಾ? ದೀಪ ಹಚ್ಚಿದ ಮೇಲೆ ಹೆಪ್ಪು, ಉಪ್ಪು ಯಾರಿಗೂ ಕೊಡಬಾರದು.

ಮಾರನೇ ದಿನ ಅವರೇ ನಮ್ಮ ಅಡುಗೆಮನೆಗೆ ಬಂದು ತೋರಿಸಿಕೊಟ್ಟರು. ಕಾದ ಹಾಲು ಆರಿದ ಮೇಲೆ ಕಿರುಬೆರಳು ಅದ್ದಿ ಹತ್ತು ಎಣಿಸಬೇಕು. ಹತ್ತರ ತನಕ ಬೆರಳು ತಡೆದುಕೊಂಡರೆ ಅದೇ ಸರಿಯಾದ ಬಿಸಿ. ನಾವು ಉಗುರು ಬೆಚ್ಚಗೆ ಅಂತೀವಲ್ಲ, ಅದಕ್ಕಿಂತ ಒಂದು ಕೂದಲು ಜಾಸ್ತಿ. ಎನಾ, ಧೀಯೊ, ತ್ರೀಯಾ ಅಂತ ಅವರು ಎಣಿಸಿದರು, ಮಗ ಬಾಯಿ ಬಿಟ್ಟುಕೊಂಡು ನೋಡಿದ. ಆಮೇಲೆ ಪಾತ್ರೆಯನ್ನು ಉಣ್ಣೆ ಕಂಬಳಿಯಲ್ಲಿ ಮಗು ಸುತ್ತಿದ ಹಾಗೆ ಸುತ್ತಿ ಮೂಲೆಯಲ್ಲಿ ಇಟ್ಟರು. ಬೆಳಿಗ್ಗೆ ಮೊಸರು ಚಾಕುವಿನಲ್ಲಿ ಕತ್ತರಿಸುವಷ್ಟು ಗಟ್ಟಿಯಾಗಿತ್ತು.

ಬೀದಿಯವರೆಲ್ಲ ಅವರನ್ನು ಯಾಯಾ ಅಂತ ಕರೆಯುತ್ತಿದ್ದರು. ಗ್ರೀಕ್‌ನಲ್ಲಿ ಯಾಯಾ ಅಂದರೆ ಅಜ್ಜಿ. ನಾನೂ ಹಾಗೇ ಕರೆದೆ. ಮುಂದಿನ ಹನ್ನೊಂದು ವರ್ಷ ಬೇಲಿಯ ಆಚೆ ಈಚೆ ನಿಂತು, ಅವರ ಅಡುಗೆಮನೆಯ ಮೇಜಿನ ಹತ್ತಿರ ಕೂತು, ಅವರ ಮನೆತನದ ಕಥೆ ನನಗೆ ಚೂರು ಚೂರಾಗಿ ಸಿಕ್ಕಿತು. ಕೆಲವನ್ನು ಅವರು ಹೇಳಿದರು, ಮಿಕ್ಕದ್ದನ್ನು ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು.

ಯಾಯಾ ಹುಟ್ಟಿದ್ದು 1940ರಲ್ಲಿ, ಗ್ರೀಸ್‌ನ ಲೆಸ್ವೋಸ್ ದ್ವೀಪದ ಪೂರ್ವ ದಡದ ಒಂದು ಹಳ್ಳಿಯಲ್ಲಿ. ಅವರ ತಾಯಿ ಮಾತ್ರ ಆ ದ್ವೀಪದವರಲ್ಲ. ಎದುರು ದಡದವರು. ಲೆಸ್ವೋಸ್‌ನಿಂದ ನೋಡಿದರೆ ಸಮುದ್ರದ ಆಚೆ ಟರ್ಕಿಯ ಬೆಟ್ಟಗಳು ಬರಿಗಣ್ಣಿಗೆ ಕಾಣುತ್ತವೆ. ಅಲ್ಲಿ ಐವಲಿಕ್ ಅಂತ ಒಂದು ಊರಿದೆ. ಗ್ರೀಕರು ಅದನ್ನು ಐವಲಿ ಅನ್ನುತ್ತಾರೆ. ಆಲಿವ್ ಎಣ್ಣೆಗೆ, ಸೋಪಿಗೆ ಹೆಸರಾದ ಊರು. 1922ಕ್ಕೆ ಮೊದಲು ಅಲ್ಲಿದ್ದವರಲ್ಲಿ ಹೆಚ್ಚಿನವರು ಗ್ರೀಕರೇ.

1922ರಲ್ಲಿ ಗ್ರೀಸ್ ಟರ್ಕಿಯ ಎದುರು ಯುದ್ಧ ಸೋತಿತು. ಐವಲಿಯ ಗ್ರೀಕರಲ್ಲಿ 18ರಿಂದ 45 ವರ್ಷದೊಳಗಿನ ಗಂಡಸರನ್ನು ಕೂಲಿ ದಳಗಳಿಗೆ ಅಂತ ಒಳನಾಡಿಗೆ ಕರೆದೊಯ್ದರು. ಅವರಲ್ಲಿ ತಿರುಗಿ ಬಂದವರು ತೀರಾ ಕಡಿಮೆ. ಹೆಂಗಸರು, ಮಕ್ಕಳು, ಮುದುಕರು ಹಡಗು ಹತ್ತಿ ಲೆಸ್ವೋಸ್‌ಗೆ ಬಂದರು. ಯಾಯಾ ಅವರ ತಾಯಿಗೆ ಆಗ ಎಂಟು ವರ್ಷ. ಅವರ ಅಪ್ಪ ಬರಲಿಲ್ಲ. ಅಮ್ಮನ ಕೈ ಹಿಡಿದು ದಡದಲ್ಲಿ ಇಳಿದಾಗ ಜೊತೆಗೆ ಇದ್ದದ್ದು ಮೇರಿ ಮಾತೆಯ ಒಂದು ಮರದ ಪಟ, ಉಟ್ಟ ಬಟ್ಟೆ ಅಷ್ಟೇ. ರಾತ್ರಿ ಹೊತ್ತು ಎದುರು ದಡದ ದೀಪಗಳು ಕಾಣುತ್ತಿದ್ದವಂತೆ. ಹೋಗುವ ಹಾಗಿಲ್ಲ.

ಮರುವರ್ಷ, 1923ರಲ್ಲಿ, ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಎರಡೂ ದೇಶಗಳು ಜನರನ್ನು ಅದಲು ಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿದವು. ಸುಮಾರು 12 ಲಕ್ಷ ಕ್ರೈಸ್ತರು ಟರ್ಕಿ ಬಿಟ್ಟರು, ಹೆಚ್ಚು ಕಡಿಮೆ ನಾಲ್ಕು ಲಕ್ಷ ಮುಸ್ಲಿಮರು ಗ್ರೀಸ್ ಬಿಟ್ಟರು. ಆ ಕಡೆಗೆ ಹೋದವರ ನೋವೂ ಇಷ್ಟೇ. ಕ್ರೀಟ್ ದ್ವೀಪದಿಂದ ಹೊರಟ ಮುಸ್ಲಿಮರಲ್ಲಿ ಎಷ್ಟೋ ಜನರ ಮನೆಮಾತು ಗ್ರೀಕ್. ಅವರನ್ನು ತಂದು ಕೂರಿಸಿದ್ದು ಇದೇ ಐವಲಿಕ್ ಸುತ್ತಮುತ್ತ. ಖಾಲಿಯಾದ ಗ್ರೀಕರ ಮನೆಗಳಲ್ಲಿ ಅವರು ಗ್ರೀಕ್ ಮಾತಾಡಿಕೊಂಡು ಬದುಕಿದರು. ಇದನ್ನು ಮೊದಲ ಸಲ ತಿಳಿದಾಗ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಗ್ರೀಸ್‌ಗೆ ಬಂದವರನ್ನು ಸ್ಥಳೀಯರು ತಲೆ ಮೇಲೇನೂ ಹೊತ್ತುಕೊಳ್ಳಲಿಲ್ಲ. 'ತುರ್ಕರ ಬೀಜ' ಅಂತ ಬೈದವರೂ ಇದ್ದರು. ಯಾಯಾ ಹುಟ್ಟುವ ಹೊತ್ತಿಗೆ ಆ ಬೈಗುಳ ತಣ್ಣಗಾಗಿತ್ತು. ಆದರೆ 1941ರಲ್ಲಿ ಜರ್ಮನ್ನರು ಬಂದರು, ಬರ ಬಂತು, ಯುದ್ಧ ಮುಗಿಯಿತು ಅನ್ನುವಷ್ಟರಲ್ಲಿ 1946ರಿಂದ 49ರ ತನಕ ಗ್ರೀಕರು ಗ್ರೀಕರನ್ನೇ ಕೊಂದುಕೊಂಡರು. ಹಳ್ಳಿಗಳಲ್ಲಿ ಉಳಿದದ್ದು ಆಲಿವ್ ಮರ ಮತ್ತು ಸಾಲ.

ಆಸ್ಟ್ರೇಲಿಯಾಕ್ಕೆ ಆಗ ಕೂಲಿಗೆ ಜನ ಬೇಕಿತ್ತು. 1952ರಲ್ಲಿ ಎರಡು ದೇಶಗಳ ನಡುವೆ ಒಪ್ಪಂದವಾಗಿ ಟಿಕೆಟ್ ಖರ್ಚಿಗೆ ನೆರವು ಸಿಗುವ ಹಾಗಾಯಿತು. 1947ರಲ್ಲಿ ಇಲ್ಲಿ ಗ್ರೀಸ್‌ನಲ್ಲಿ ಹುಟ್ಟಿದವರು 12 ಸಾವಿರ ಚಿಲ್ಲರೆ ಇದ್ದರು. 1971ಕ್ಕೆ ಅದು 1 ಲಕ್ಷ 60 ಸಾವಿರ. ಬಂದವರಲ್ಲಿ ಎಷ್ಟೋ ಜನ ಮೊದಲು ಇಳಿದದ್ದು ವಿಕ್ಟೋರಿಯಾದ ಬೊನೆಗಿಲ್ಲಾ ಎಂಬ ಹಳೇ ಸೇನಾ ಶಿಬಿರದಲ್ಲಿ. 1947ರಿಂದ 1971ರ ತನಕ ಯುರೋಪಿನ ಬೇರೆ ಬೇರೆ ದೇಶಗಳ 3 ಲಕ್ಷಕ್ಕೂ ಜಾಸ್ತಿ ಜನ ಆ ತಗಡಿನ ಶೆಡ್‌ಗಳನ್ನು ದಾಟಿ ಹೋಗಿದ್ದಾರೆ.

ಯಾಯಾ ಅವರ ಗಂಡ 1957ರಲ್ಲಿ ಹೀಗೇ ಬಂದು, ಬೊನೆಗಿಲ್ಲಾದಲ್ಲಿ ಕೆಲವು ವಾರ ಇದ್ದು, ಮೆಲ್ಬರ್ನ್‌ನ ಎರಕದ ಕಾರ್ಖಾನೆಯೊಂದನ್ನು ಸೇರಿದ್ದರು. ಮದುವೆಗೆ ಹೆಣ್ಣು ಬೇಕು ಅಂತ ಊರಿಗೆ ಕಾಗದ ಬರೆದರು. ಜೊತೆಗೆ ಒಂದು ಫೋಟೊ. ಸಾಲ ಮಾಡಿ ಹೊಲಿಸಿದ ಕೋಟಿನಲ್ಲಿ ತೆಗೆಸಿದ ಫೋಟೊ ಅಂತ ಆಮೇಲೆ ಗೊತ್ತಾಯಿತಂತೆ. ಹಾಗೆ ಫೋಟೊ ನೋಡಿ ಒಪ್ಪಿ ಸಮುದ್ರ ದಾಟಿದ ಗ್ರೀಕ್ ಹುಡುಗಿಯರು ಆ ಕಾಲಕ್ಕೆ ಸಾವಿರಾರು ಮಂದಿ.

1960ರಲ್ಲಿ ಪಿರೇಯಸ್ ಬಂದರಿನಿಂದ ಯಾಯಾ ಹತ್ತಿದ ಹಡಗಿನ ಹೆಸರು ಪತ್ರಿಸ್. ಆ ಪದದ ಅರ್ಥ ತಾಯ್ನಾಡು. ಚಾಂಡ್ರಿಸ್ ಕಂಪನಿ ಬ್ರಿಟಿಷರ ಒಂದು ಹಡಗನ್ನು ಕೊಂಡು ಈ ಹೆಸರಿಟ್ಟು, 1959ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ದಾರಿಗೆ ಬಿಟ್ಟಿತ್ತು. ಸೂಯೆಜ್, ಏಡನ್, ಫ್ರೀಮ್ಯಾಂಟಲ್, ಆಮೇಲೆ ಮೆಲ್ಬರ್ನ್. ತಾಯ್ನಾಡು ಬಿಟ್ಟು ಹೋಗುವವರನ್ನು ತುಂಬಿಕೊಂಡು ಹೋಗುವ ಹಡಗಿಗೆ ತಾಯ್ನಾಡು ಅಂತ ಹೆಸರು. ಸ್ಟೇಷನ್ ಪಿಯರ್ ಎಂಬ ಕಟ್ಟೆಯ ಮೇಲೆ ಫೋಟೊ ಹಿಡಿದು ನಿಂತ ಗಂಡಸರ ಸಾಲು. ಅವರಲ್ಲಿ ತನ್ನವನು ಯಾರು ಅಂತ ಹುಡುಕುತ್ತಾ ಇಪ್ಪತ್ತು ವರ್ಷದ ಯಾಯಾ ಕೆಳಗೆ ಇಳಿದರು.

ಅವರ ಪೆಟ್ಟಿಗೆಯಲ್ಲಿ ತಾಯಿ ಇಟ್ಟುಕೊಟ್ಟದ್ದು ಮೂರು ಸಾಮಾನು. ಐವಲಿಯಿಂದ ಬಂದ ಆ ಮರದ ಪಟ. ಒಂದು ಚಿಟಿಕೆ ಬೀಜ. ಬಟ್ಟೆಯಲ್ಲಿ ಕಟ್ಟಿದ, ಒಣಗಿಸಿ ಪುಡಿ ಮಾಡಿದ ಹುಳಿಹಿಟ್ಟು.

ಈ ಹುಳಿಹಿಟ್ಟನ್ನು ಗ್ರೀಕರು ಪ್ರೊಜೀಮಿ ಅನ್ನುತ್ತಾರೆ. ಬ್ರೆಡ್ಡಿಗೆ ಹಾಕುವ ಹೆಪ್ಪು ಅಂತ ತಿಳಿದುಕೊಳ್ಳಿ. ಪ್ರತಿ ಸಲ ಹಿಟ್ಟು ನಾದುವಾಗ ಒಂದು ಮುಷ್ಟಿ ತೆಗೆದಿಟ್ಟರೆ ಮುಂದಿನ ವಾರದ ಹೆಪ್ಪು ಅದೇ. ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ರಿಚ್ಮಂಡ್‌ನ ಒಂದು ಮನೆಯಲ್ಲಿ ಮೂರು ಸಂಸಾರಗಳಿಗೆ ಒಂದೇ ಅಡುಗೆಮನೆ. ಅಲ್ಲಿ ಯಾಯಾ ಆ ಪುಡಿಗೆ ಬೆಚ್ಚಗಿನ ನೀರು, ಹಿಟ್ಟು ಕಲಸಿ ಇಟ್ಟರು. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಬಟ್ಟೆ ಸರಿಸಿ ನೋಡಿದರೆ ಮೇಲೆ ಗುಳ್ಳೆ ಎದ್ದಿದೆ. "ಹಡಗಿನಲ್ಲಿ ನಾನು ಅಳಲಿಲ್ಲ" ಅಂದರು ಯಾಯಾ. "ಮದುವೆಯಲ್ಲೂ ಅಳಲಿಲ್ಲ. ಆವತ್ತು ಅತ್ತೆ."

ಬೀಜದ ಕಥೆ ಇದಕ್ಕೇ ಸೇರಿದ್ದು. ಅದು ವಸಿಲಿಕೋಸ್ ಬೀಜ, ನಮ್ಮ ಕಾಮಕಸ್ತೂರಿ. ಗ್ರೀಕರ ಮನೆ ಬಾಗಿಲಲ್ಲಿ ಒಂದು ಕುಂಡ ಇದ್ದೇ ಇರುತ್ತದೆ. ಹಳಬರು ಅದನ್ನು ಅಡುಗೆಗೆ ಬಳಸುವುದು ಕಡಿಮೆ. ಹೋಗುವಾಗ ಬರುವಾಗ ಕೈಯಾಡಿಸಿ ವಾಸನೆ ನೋಡುತ್ತಾರೆ. ಕ್ರಿಸ್ತನ ಶಿಲುಬೆ ಸಿಕ್ಕಿದ ಜಾಗದಲ್ಲಿ ಈ ಗಿಡ ಬೆಳೆದಿತ್ತು ಅಂತ ನಂಬಿಕೆ. ಅದಕ್ಕೇ ಸೆಪ್ಟೆಂಬರ್ 14ರ ಶಿಲುಬೆ ಹಬ್ಬದ ದಿನ ಚರ್ಚ್‌ನಲ್ಲಿ ಇದರ ಕಡ್ಡಿಗಳನ್ನು ಹಂಚುತ್ತಾರೆ. ಆ ಕಡ್ಡಿಯನ್ನು ತಂದು ಹೊಸದಾಗಿ ಕಲಸಿದ ಹಿಟ್ಟಿನ ಮೇಲೆ ಇಟ್ಟರೆ ಅದು ತಾನಾಗಿ ಹುದುಗುತ್ತದೆ, ವರ್ಷದ ಹೊಸ ಹೆಪ್ಪು ಸಿದ್ಧವಾಗುತ್ತದೆ ಅನ್ನುವುದು ಪದ್ಧತಿ.

ಕಷ್ಟ ಏನೆಂದರೆ, ಗ್ರೀಸ್‌ನಲ್ಲಿ ಸೆಪ್ಟೆಂಬರ್ ಅಂದರೆ ಬೇಸಿಗೆ ಇನ್ನೂ ಇಳಿಯುತ್ತಿರುವ ಕಾಲ. ಗಿಡ ಮೈತುಂಬ ಎಲೆ ಹೊತ್ತಿರುತ್ತದೆ. ಮೆಲ್ಬರ್ನ್‌ನಲ್ಲಿ ಅದೇ ಸೆಪ್ಟೆಂಬರ್‌ಗೆ ಚಳಿಗಾಲ ಈಗಷ್ಟೇ ಮುಗಿದಿರುತ್ತದೆ. ಹೊರಗಿಟ್ಟ ಕಾಮಕಸ್ತೂರಿ ಜೂನ್‌ಗೇ ಸತ್ತಿರುತ್ತದೆ. ಇವರ ಈಸ್ಟರ್ ಕೂಡ ಹೀಗೇ. ಊರಲ್ಲಿ ಹೂ ಬಿಡುವ ಕಾಲದ ಹಬ್ಬ, ಇಲ್ಲಿ ಎಲೆ ಉದುರುವ ಕಾಲದಲ್ಲಿ ಬರುತ್ತದೆ. ಹಾಗಾಗಿ ಯಾಯಾ ಪ್ರತಿ ವರ್ಷ ಏಪ್ರಿಲ್ ಕೊನೆಗೆ ಒಂದು ಕುಂಡವನ್ನು ಅಡುಗೆಮನೆಯ ಕಿಟಕಿಗೆ ತಂದಿಟ್ಟುಕೊಳ್ಳುತ್ತಿದ್ದರು. ಬಿಸಿಲು ಹೋದ ಕಡೆಗೆ ಅದನ್ನು ತಿರುಗಿಸುತ್ತಿದ್ದರು. ಹಾಲಿನ ಪಾತ್ರೆ ಇಳಿಸಿದ ಮೇಲೆ ಆ ಬಿಸಿ ಒಲೆಯ ಪಕ್ಕ ಇಡುತ್ತಿದ್ದರು. ಐದು ತಿಂಗಳು ಹೀಗೆ ಬದುಕಿಸಿಕೊಂಡ ಬಡಕಲು ಗಿಡದಿಂದ ಸೆಪ್ಟೆಂಬರ್‌ನಲ್ಲಿ ಎರಡು ಕಡ್ಡಿ ಮುರಿದು, ಚರ್ಚ್‌ಗೆ ಒಯ್ದು ತಂದು, ಹಿಟ್ಟಿನ ಮೇಲೆ ಇಡುತ್ತಿದ್ದರು. ಈ ಕೆಲಸಕ್ಕೆ ಅವರು ಯಾವ ದೊಡ್ಡ ಹೆಸರನ್ನೂ ಕೊಟ್ಟವರಲ್ಲ. ಕೇಳಿದರೆ, "ಬ್ರೆಡ್ ಬೇಕಲ್ಲ" ಅನ್ನುತ್ತಿದ್ದರು.

ಆ ಕಿಟಕಿಯ ಪಕ್ಕದ ಮೂಲೆಯಲ್ಲಿ ದೇವರ ಗೂಡು. ಐವಲಿಯ ಪಟ, ಅದರ ಕೆಳಗೆ ಮದುವೆಯ ದಿನ ತಲೆಗೆ ಇಟ್ಟಿದ್ದ ಎರಡು ಹೂವಿನ ಕಿರೀಟ ಗಾಜಿನ ಪೆಟ್ಟಿಗೆಯೊಳಗೆ, ಮುಂದೆ ಒಂದು ಕೆಂಪು ಗಾಜಿನ ದೀಪ. ಗಾಜಿನ ತಳಕ್ಕೆ ನೀರು, ಮೇಲೆ ಆಲಿವ್ ಎಣ್ಣೆ, ಎಣ್ಣೆಯ ಮೇಲೆ ತೇಲುವ ಬೆಂಡಿನ ಬಿಲ್ಲೆ, ಅದರ ನಡುವೆ ಬತ್ತಿ. ಅದನ್ನು ಅವರು ಕಂದೀಲಿ ಅನ್ನುತ್ತಿದ್ದರು. ಹೌದು, ನಮ್ಮ ಕಂದೀಲೇ. ಲ್ಯಾಟಿನ್‌ನಿಂದ ಗ್ರೀಕ್‌ಗೆ, ಅಲ್ಲಿಂದ ಅರಬ್ಬಿಗೆ, ಅದನ್ನೂ ದಾಟಿ ನಮ್ಮ ಹಳ್ಳಿಯ ಲಾಂದ್ರದ ತನಕ ನಡೆದು ಬಂದ ಪದ.

2012ರಲ್ಲಿ ನನ್ನ ಅಮ್ಮ ಮೂರು ತಿಂಗಳು ಇರಲು ಬಂದರು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಒಂದು ಮಧ್ಯಾಹ್ನ ಆಫೀಸಿನಿಂದ ಬೇಗ ಬಂದು ನೋಡಿದರೆ ಮನೆಯಲ್ಲಿ ಅಮ್ಮ ಇಲ್ಲ. ಗಾಬರಿಯಾಗಿ ಹಿತ್ತಲಿಗೆ ಓಡಿದೆ. ಬೇಲಿಯ ಆಚೆ ದ್ರಾಕ್ಷಿ ಚಪ್ಪರದ ಕೆಳಗೆ ಇಬ್ಬರೂ ಕೂತಿದ್ದಾರೆ. ನಡುವೆ ಒಂದು ದೊಡ್ಡ ತಟ್ಟೆ, ತಟ್ಟೆ ತುಂಬ ಸೊಪ್ಪು. ಅಮ್ಮ ನನ್ನನ್ನು ನೋಡಿದ್ದೇ, "ಇವ್ರೂ ದಂಟಿನ ಸೊಪ್ಪೇ ತಿಂತಾರಲ್ಲೇ!" ಅಂದರು.

ನಿಜ. ಗ್ರೀಕರ ವ್ಲೀತಾ ಅಂದರೆ ನಮ್ಮ ದಂಟು, ಹರಿವೆಯ ಜಾತಿಯೇ. ಬೇಯಿಸಿ, ಎಣ್ಣೆ ನಿಂಬೆಹುಳಿ ಹಾಕಿ ತಿನ್ನುತ್ತಾರೆ. ಇಬ್ಬರ ಕೈಯೂ ಒಂದೇ ರೀತಿ ಓಡುತ್ತಿತ್ತು. ಬಲಿತ ದಂಟನ್ನು ಉಗುರಿನಿಂದ ಚಿವುಟಿ ನೋಡುವುದು, ನಾರು ಬಂದರೆ ಎಳೆದು ಬಿಸಾಡುವುದು, ಎಳೆಯದಾದರೆ ಪಟ್ ಅಂತ ಮುರಿಯುವುದು. ಬಿಸಿಲು ಜಾಸ್ತಿ ಇತ್ತು. ಯಾಯಾ ಎದ್ದು ಅಮ್ಮನ ಕಡೆ ತಿರುಗಿ, "ನಿರೊ?" ಅಂದರು. ಅಮ್ಮ ತಲೆ ಎತ್ತದೆ, "ಹೂಂ, ನೀರು ಕೊಡಿ" ಅಂದರು. ಒಳಗಿನಿಂದ ಎರಡು ಲೋಟ ನೀರು ಬಂತು. ಅಲ್ಲಿ ಏನೋ ವಿಶೇಷ ನಡೆಯಿತು ಅಂತ ಇಬ್ಬರಿಗೂ ಅನಿಸಲಿಲ್ಲ.

ಗ್ರೀಕ್‌ನಲ್ಲಿ ನೀರಿಗೆ ನೆರೊ ಅನ್ನುತ್ತಾರೆ. ನಮ್ಮ ನೀರಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಅದು 'ತಾಜಾ' ಎಂಬ ಅರ್ಥದ ಹಳೆಯ ಗ್ರೀಕ್ ಮಾತಿನಿಂದ ಬಂದದ್ದು. ಯಾಯಾ ಅವರ ದ್ವೀಪದ ಆಡುಮಾತಿನಲ್ಲಿ ಒತ್ತು ಬೀಳದ 'ಎ' ಎಲ್ಲ 'ಇ' ಆಗುತ್ತದೆ. ನೆರೊ ಅವರ ಬಾಯಲ್ಲಿ ನಿರೊ. ಮಗು ಅನ್ನುವ ಪೆಧಿ, ಪಿಧಿ. ಆ ಒಂದು ಸ್ವರದ ದೆಸೆಯಿಂದ ಅವತ್ತು ನಮ್ಮಮ್ಮನಿಗೆ ತಿಪಟೂರಿನ ಪಕ್ಕದ ಮನೆಯಲ್ಲೇ ಕೂತ ಹಾಗಾಗಿತ್ತು.

ಇದನ್ನು ಖುಷಿಯಿಂದ ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಆಗ ಹದಿನೈದು. ಅವಳ ಮುಖ ಸಣ್ಣದಾಯಿತು. ಚಿಕ್ಕವಳಿದ್ದಾಗ ಶನಿವಾರದ ಗ್ರೀಕ್ ಶಾಲೆಯಲ್ಲಿ ನಿರೊ ಅಂದದ್ದಕ್ಕೆ ಟೀಚರ್ ತಿದ್ದಿದ್ದರಂತೆ. ಅದು ಹಳ್ಳಿಯವರ ಮಾತು, ಸರಿಯಾಗಿ ನೆರೊ ಅನ್ನು ಅಂತ. ಮಕ್ಕಳು ನಕ್ಕಿದ್ದರು. ಮನೆಗೆ ಬಂದು ಅವಳು ಯಾಯಾಗೇ ತಿದ್ದಿದಳು. ಯಾಯಾ ನಕ್ಕು ಸುಮ್ಮನಾದರು. ಆಮೇಲೆ ಮೊಮ್ಮಗಳ ಹತ್ತಿರ ಮಾತಾಡುವಾಗ ಹುಡುಕಿ ಹುಡುಕಿ ನೆರೊ ಅಂತಲೇ ಹೇಳುತ್ತಿದ್ದರು.

ಈ ಊರಿನ ಗ್ರೀಕರು ತಮ್ಮತನ ಉಳಿಸಿಕೊಳ್ಳಲು ಮಾಡಿದ ಕೆಲಸ ಸಣ್ಣದಲ್ಲ. ಮೆಲ್ಬರ್ನ್‌ನ ಗ್ರೀಕ್ ಸಮುದಾಯ ಸಂಘ ಶುರುವಾದದ್ದು 1897ರಲ್ಲಿ. ನೆಯೊಸ್ ಕೊಸ್ಮೊಸ್ ಪತ್ರಿಕೆ 1957ರಿಂದ ಇವತ್ತಿಗೂ ಬರುತ್ತಿದೆ. 1975ರಲ್ಲಿ ವಲಸಿಗರ ಭಾಷೆಗಳಿಗೆ ಅಂತ ರೇಡಿಯೊ ಬಂದಾಗ ಅದರಲ್ಲಿ ಗ್ರೀಕ್ ಇತ್ತು. ಲಾನ್ಸ್‌ಡೇಲ್ ಬೀದಿಯಲ್ಲಿ ವರ್ಷವರ್ಷ ಆಂಟಿಪೊಡಿಸ್ ಉತ್ಸವ ನಡೆಯುತ್ತದೆ. ಇಷ್ಟೆಲ್ಲ ಕಟ್ಟಿದವರು ಹಗಲು ಫ್ಯಾಕ್ಟರಿಯಲ್ಲಿ ದುಡಿದು ಬಂದವರು. ನನಗೆ ಅವರ ಬಗ್ಗೆ ತುಂಬ ಗೌರವವಿದೆ. ಆದರೂ ಒಂದು ಮಾತು ಹೇಳಲೇಬೇಕು. ಉಳಿಸಬೇಕು ಅಂತ ಹೊರಟಾಗ ನಾವೆಲ್ಲ ಕೈಗೊಂದು ಜರಡಿ ಹಿಡಿಯುತ್ತೇವೆ. ಶುದ್ಧವಾದದ್ದು, ಪುಸ್ತಕದಲ್ಲಿ ಇರುವುದು ಮೇಲೆ ನಿಲ್ಲುತ್ತದೆ. ಅಜ್ಜಿಯ ಬಾಯಿಯ ಮಾತು ಕೆಳಗೆ ಉದುರಿಹೋಗುತ್ತದೆ.

ಹೇಳುವಾಗ ನನ್ನನ್ನು ಬಿಟ್ಟು ಹೇಳುತ್ತಿಲ್ಲ. ನನ್ನ ಮಗ ನಮ್ಮಮ್ಮನಿಂದ ಕಲಿತು "ಬತ್ತೀನಿ" ಅಂದಾಗ, "ಬರ್ತೀನಿ ಅನ್ನು" ಅಂತ ನಾನೇ ತಿದ್ದಿದ್ದೆ. ಅದೂ ಅಮ್ಮನ ಎದುರಿಗೆ. ನಿರೊ ಕಥೆ ಕೇಳಿದ ಮೇಲೆ ತಿದ್ದುವುದನ್ನು ನಿಲ್ಲಿಸಿದೆ. ಈಗ ಅವನು ಬತ್ತೀನಿ ಅಂತಲೇ ಅನ್ನುತ್ತಾನೆ.

ಯಾಯಾ ಅವರ ಮಗನದು ಇನ್ನೊಂದು ರೀತಿಯ ಕಥೆ. 1962ರಲ್ಲಿ ಹುಟ್ಟಿದವರು. ಗ್ರೀಕರಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು ಇಡುತ್ತಾರೆ, ನಮ್ಮಲ್ಲೂ ಎಷ್ಟೋ ಮನೆಗಳಲ್ಲಿ ಇಡುವ ಹಾಗೆ. ಆ ಹೆಸರು ಶಾಲೆಯ ಮೊದಲ ದಿನವೇ ಮೂರಕ್ಷರದ ಇಂಗ್ಲಿಷ್ ಹೆಸರಾಯಿತು. ಆ ಕಾಲದ ಡಿಮಿತ್ರಿಯೋಸ್‌ಗಳೆಲ್ಲ ಜಿಮ್ ಆದರು, ಪನಾಯೋತಿಸ್‌ಗಳೆಲ್ಲ ಪೀಟರ್ ಆದರು. ಅಮ್ಮ ಕಟ್ಟಿಕೊಟ್ಟ ದಪ್ಪ ಬ್ರೆಡ್ಡು, ಆಲಿವ್, ಗಿಣ್ಣು ಬಿಚ್ಚಿದರೆ ಪಕ್ಕದ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಎರಡು ವರ್ಷ ಆ ಬುತ್ತಿಯನ್ನು ದಾರಿಯ ಕಸದ ಡಬ್ಬಿಗೆ ಹಾಕಿ, ಮಧ್ಯಾಹ್ನ ಹಸಿದುಕೊಂಡೇ ಇದ್ದೆ ಅಂತ ಅವರು ನನಗೆ ಹೇಳಿದ್ದು ತಾಯಿ ತೀರಿಕೊಂಡ ಮೇಲೆ. ಅಲ್ಲಿಯ ತನಕ ಅದನ್ನು ಯಾರಿಗೂ ಹೇಳಿರಲಿಲ್ಲ. ಗ್ರೀಕ್ ಅರ್ಥವಾದರೂ ಅವರು ತಾಯಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದರು.

2021ರ ಜನಗಣತಿಯಲ್ಲಿ ಆಸ್ಟ್ರೇಲಿಯಾದಲ್ಲಿ ಗ್ರೀಕ್ ಮೂಲದವರು ಅಂತ ಬರೆಸಿದವರು 4 ಲಕ್ಷ 24 ಸಾವಿರಕ್ಕೂ ಹೆಚ್ಚು. ಮನೆಯಲ್ಲಿ ಗ್ರೀಕ್ ಮಾತಾಡುವವರು ಸುಮಾರು 2 ಲಕ್ಷ 30 ಸಾವಿರ. ಈ ಎರಡು ಅಂಕಿಗಳ ನಡುವೆ ಅಂಥ ಎಷ್ಟು ಬುತ್ತಿಗಳು ಕಸದ ಡಬ್ಬಿ ಸೇರಿವೆಯೋ.

ಗ್ರೀಸ್‌ನಲ್ಲಿ ಸಾಲದ ಬಿಕ್ಕಟ್ಟು ಬಂದ ಮೇಲೆ ಓದಿದ ಹುಡುಗ ಹುಡುಗಿಯರು ಮತ್ತೆ ಇಲ್ಲಿಗೆ ಬರತೊಡಗಿದರು. ಯಾಯಾ ಅವರ ತಂಗಿಯ ಮೊಮ್ಮಗಳೂ 2013ರಲ್ಲಿ ಬಂದಳು. ಇಂಜಿನಿಯರಿಂಗ್ ಓದಿದವಳು, ಓಕ್ಲಿಯ ಈಟನ್ ಮಾಲ್‌ನ ಕಾಫಿ ಅಂಗಡಿಯೊಂದರಲ್ಲಿ ತಟ್ಟೆ ಹಿಡಿದಳು. ಮೊದಲ ವಾರ ಯಾಯಾ ಅವಳಿಗೆ "ಕಾರೊ ತಗೊಂಡು ಮಾರ್ಕೆಟಾಗೆ ಹೋಗಿ ಬಾ" ಅಂದರು. ಹುಡುಗಿಗೆ ತಲೆಬುಡ ತಿಳಿಯಲಿಲ್ಲ. ಗ್ರೀಸ್‌ನಲ್ಲಿ ಕಾರೊ ಅಂದರೆ ಗಾಡಿ, ಕುದುರೆ ಕತ್ತೆ ಎಳೆಯುವಂಥದ್ದು. ಇಲ್ಲಿನ ಹಳಬರು ಇಂಗ್ಲಿಷಿನ ಕಾರಿಗೆ ಗ್ರೀಕ್ ಬಾಲ ಅಂಟಿಸಿ ಅರವತ್ತು ವರ್ಷದಿಂದ ಹಾಗೆ ಕರೆಯುತ್ತಿದ್ದಾರೆ. ಮಾರ್ಕೆಟಾ ಕೂಡ ಹಾಗೇ. ಅದೇ ಹುಡುಗಿ ಯಾಯಾ ಅವರ ಬ್ರೆಡ್ ತಿಂದು ತುಂಬ ಹೊತ್ತು ಸುಮ್ಮನೆ ಕೂತಳು. ಊರಲ್ಲಿ ಈಗ ಎಲ್ಲರೂ ಬೇಕರಿಯಿಂದ ತರುತ್ತಾರಂತೆ. ಅವರ ಮನೆಯ ಪ್ರೊಜೀಮಿ ಯಾವತ್ತೋ ಸತ್ತುಹೋಗಿತ್ತು. 2016ರಲ್ಲಿ ಊರಿಗೆ ಹೋಗುವಾಗ ಯಾಯಾ ಅವಳಿಗೆ ಪುಡಿ ಕಟ್ಟಿಕೊಟ್ಟರು. ಬಟ್ಟೆಯಲ್ಲೇ ಕಟ್ಟಿಕೊಟ್ಟರು, ಪ್ಲಾಸ್ಟಿಕ್ ಬೇಡ ಅಂದರು.

ಪರದೇಶದ ಬದುಕಿಗೆ ಗ್ರೀಕ್‌ನಲ್ಲಿ ಕ್ಸೆನಿತ್ಯಾ ಅನ್ನುತ್ತಾರೆ. ಜಾಗವೂ ಅದೇ, ಅಲ್ಲಿರುವ ಸಂಕಟವೂ ಅದೇ. ಯಾಯಾ ಇದಕ್ಕೆ ಕನ್ನಡದಲ್ಲಿ ಏನಂತೀರಿ ಅಂತ ಕೇಳಿದ್ದರು. ನನಗೆ ಹೊಳೆದದ್ದು ಪರದೇಸಿ. ನಮ್ಮ ಕಡೆ ಅದನ್ನು ವಿದೇಶದವನು ಅಂತ ಯಾರು ಬಳಸುತ್ತಾರೆ? ದಿಕ್ಕಿಲ್ಲದವನು, ತನ್ನವರು ಅಂತ ಯಾರೂ ಇಲ್ಲದವನು ಅಂತಲೇ ಅರ್ಥ. ಹೇಳಿದೆ. ಅವರು ಆ ಪದವನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡರು.

2015ರ ಅಕ್ಟೋಬರ್. ಟೀವಿಯಲ್ಲಿ ಲೆಸ್ವೋಸ್ ತೋರಿಸುತ್ತಿದ್ದರು. ಸಿರಿಯಾ, ಆಫ್ಘಾನಿಸ್ತಾನದ ಜನ ರಬ್ಬರ್ ದೋಣಿಗಳಲ್ಲಿ ಟರ್ಕಿಯ ದಡದಿಂದ ಬರುತ್ತಿದ್ದರು. ಆ ಒಂದೇ ವರ್ಷ ಸುಮಾರು 5 ಲಕ್ಷ ಜನ ಆ ದ್ವೀಪದಲ್ಲಿ ಇಳಿದರು. ನಾನು ಏನೋ ಕೊಡಲು ಹೋದವಳು ಬಾಗಿಲಲ್ಲೇ ನಿಂತೆ. ಯಾಯಾ ಕುರ್ಚಿಯ ತುದಿಗೆ ಬಂದು ಕೂತಿದ್ದರು. ಒಬ್ಬ ಹೆಂಗಸು ಎಂಟು ಹತ್ತು ವರ್ಷದ ಹುಡುಗಿಯ ಕೈ ಹಿಡಿದು ಮೊಣಕಾಲು ನೀರಿನಲ್ಲಿ ನಡೆದು ಬರುತ್ತಿದ್ದಳು. ಯಾಯಾ ಎದ್ದು ಹೋಗಿ ಟೀವಿಯ ಗಾಜಿನ ಮೇಲೆ, ಆ ಹುಡುಗಿಯ ತಲೆಯ ಮೇಲೆ, ಅಂಗೈ ಇಟ್ಟರು. "ಮಾನಾ ಮು" ಅಂದರು. ನನ್ನಮ್ಮ ಅಂತ.

ಆಮೇಲೆ ನೇರವಾಗಿ ಅಡುಗೆಮನೆಗೆ ಹೋಗಿ ಹಿಟ್ಟು ನಾದತೊಡಗಿದರು. ಅವತ್ತು ಬ್ರೆಡ್ ಮಾಡುವ ದಿನವಲ್ಲ.

ಯಾಯಾ ಹೋದದ್ದು 2020ರ ಆಗಸ್ಟ್ ಮೊದಲ ವಾರ. ಮೆಲ್ಬರ್ನ್‌ಗೆ ಆಗ ತೀರಾ ಬಿಗಿಯಾದ ಲಾಕ್‌ಡೌನ್. ಮನೆಯಿಂದ ಐದು ಕಿಲೋಮೀಟರ್ ದಾಟುವ ಹಾಗಿಲ್ಲ, ಇನ್ನೊಬ್ಬರ ಮನೆಗೆ ಕಾಲಿಡುವ ಹಾಗಿಲ್ಲ. ಮಣ್ಣಿಗೆ ಹತ್ತೇ ಜನ. ಇಡೀ ಬೀದಿಗೆ ಅಜ್ಜಿಯಾಗಿದ್ದವರ ಹಿಂದೆ ಹತ್ತೇ ಜನ. ನಾವು ಗೇಟಿನ ಹತ್ತಿರ ನಿಂತು ಕಾರು ಹೋಗುವುದನ್ನು ನೋಡಿದೆವು.

ಗ್ರೀಕರಲ್ಲೂ ನಲವತ್ತನೇ ದಿನ ದೊಡ್ಡದು. ಆವತ್ತು ಕೋಲಿವಾ ಮಾಡುತ್ತಾರೆ. ಗೋಧಿಯನ್ನು ಹದವಾಗಿ ಬೇಯಿಸಿ, ಬಸಿದು, ರಾತ್ರಿಯೆಲ್ಲ ಬಟ್ಟೆಯ ಮೇಲೆ ಹರಡಿ ತೇವ ಆರಿಸಬೇಕು. ಆಮೇಲೆ ದಾಳಿಂಬೆ, ಬಾದಾಮಿ, ಒಣದ್ರಾಕ್ಷಿ, ದಾಲ್ಚಿನ್ನಿ ಬೆರೆಸಿ, ಗುಡ್ಡೆ ಮಾಡಿ, ಮೇಲೆ ಸಕ್ಕರೆ ಪುಡಿ ಹೊದಿಸುತ್ತಾರೆ. ಚರ್ಚ್‌ನಲ್ಲಿ ಪ್ರಾರ್ಥನೆಯಾದ ಮೇಲೆ ಬಂದವರಿಗೆಲ್ಲ ಹಂಚುತ್ತಾರೆ. ಚರ್ಚ್‌ನ ಬಾಗಿಲು ಮುಚ್ಚಿತ್ತು. ಮೊಮ್ಮಗಳಿಗೆ ಆಗ ಇಪ್ಪತ್ಮೂರು. ಕೋಲಿವಾ ಮಾಡುವುದನ್ನು ನೋಡಿದ್ದಳೇ ಹೊರತು ಎಂದೂ ಮಾಡಿದವಳಲ್ಲ. ಲೆಸ್ವೋಸ್‌ನ ಆ ಸಂಬಂಧಿ ಹುಡುಗಿಗೆ ವಿಡಿಯೊ ಕರೆ ಮಾಡಿ, ಅಲ್ಲಿನ ಅಜ್ಜಿಯರನ್ನು ಕೇಳಿಕೊಂಡು ಮಾಡಿದಳು. ಗೋಧಿ ಸ್ವಲ್ಪ ಜಾಸ್ತಿಯೇ ಬೆಂದಿತ್ತು. ಚಿಕ್ಕ ಚಿಕ್ಕ ಕಾಗದದ ಚೀಲಗಳಿಗೆ ತುಂಬಿ, ಬೇಲಿಯ ಮೇಲೆ ಒಂದೊಂದಾಗಿ ಇಟ್ಟು ಹಿಂದೆ ಸರಿದು ನಿಂತಳು. ನಾವು ಹೋಗಿ ತೆಗೆದುಕೊಂಡೆವು. ಚೀಲದ ಮೇಲೆ ಗ್ರೀಕ್ ಅಕ್ಷರದಲ್ಲಿ ಯಾಯಾ ಹೆಸರು, ಅವಳದೇ ಬರಹ.

ಆ ದಿನಕ್ಕೂ ಶಿಲುಬೆ ಹಬ್ಬಕ್ಕೂ ಹೆಚ್ಚು ಅಂತರ ಇರಲಿಲ್ಲ. ಕಿಟಕಿಯ ಕುಂಡದಲ್ಲಿ ಗಿಡ ಇನ್ನೂ ಇತ್ತು. ಆಸ್ಪತ್ರೆಗೆ ಹೋಗುವ ಮುಂಚಿನ ವಾರದ ತನಕ ಯಾಯಾನೇ ಅದನ್ನು ಬಿಸಿಲಿಗೆ ತಿರುಗಿಸಿದ್ದರು. ಆಮೇಲೆ ಯಾರು ತಿರುಗಿಸಿದರು ಅಂತ ನಾನು ಕೇಳಲಿಲ್ಲ.

ಈಗ ಆ ಮನೆಯಲ್ಲಿ ಮೊಮ್ಮಗಳೇ ಇದ್ದಾಳೆ. ನರ್ಸ್ ಕೆಲಸ, ರಾತ್ರಿ ಪಾಳಿ. ಅವಳ ಫೋನಿನಲ್ಲಿ ಯಾಯಾ ಕಳಿಸಿದ ಒಂದು ದನಿ ಸಂದೇಶ ಇದೆ, ಹದಿನಾಲ್ಕು ಸೆಕೆಂಡಿನದು. ಗಿಡಕ್ಕೆ ನೀರು ಹಾಕೋದು ಮರೀಬೇಡ ಅನ್ನುವಷ್ಟೇ ವಿಷಯ. ಅವಸರದಲ್ಲಿ ಮೊಮ್ಮಗಳು ತಿದ್ದಿದ್ದು ಅವರಿಗೆ ಮರೆತುಹೋಗಿರಬೇಕು. ಅದರಲ್ಲಿ ಅವರು ನಿರೊ ಅಂದಿದ್ದಾರೆ.

ಹೋದ ತಿಂಗಳು ನಾವು ಎರಡು ವಾರ ಊರಿಗೆ ಹೋಗಿ ಬಂದೆವು. ಬಂದು ನೋಡಿದರೆ ಫ್ರಿಜ್‌ನಲ್ಲಿದ್ದ ಮೊಸರು ಕೆಟ್ಟಿತ್ತು. ಸಂಜೆ ಹಾಲು ಕಾಯಿಸಿಟ್ಟು, ಪಕ್ಕದ ಮನೆಯಿಂದ ಸ್ವಲ್ಪ ಹೆಪ್ಪು ತಗೊಂಡು ಬಾ ಅಂತ ಮಗನನ್ನು ಕಳಿಸಿದೆ. ಅವನು ಬರಿಗೈಯಲ್ಲಿ ವಾಪಸ್ ಬಂದ. ಅವಳು ಬಾಗಿಲು ತೆರೆದು, ಅವನ ಕೈಯಲ್ಲಿದ್ದ ಬಟ್ಟಲು ನೋಡಿ, ಅವನ ತಲೆಯ ಮೇಲಿಂದ ಆಕಾಶ ನೋಡಿದಳಂತೆ.

"ಬೆಳಿಗ್ಗೆ ಬಾ ಅಂದಳು ಅಮ್ಮ. ಸೂರ್ಯ ಮುಳುಗಿಬಿಟ್ಟಿದಾನಂತೆ."